ಔಷಧದೊಡನೆ ತಿಳಿವಳಿಕೆಯೂ ಮನೆ ಸೇರಲಿ

2009ರ ಅಕ್ಟೋಬರ್ ಮೊದಲ ವಾರದ ಮಹಾಪ್ರವಾಹವನ್ನು ನಮ್ಮ ಕರ್ನೂಲು ಜಿಲ್ಲೆಯ ಹಿರಿಯರು ಮರೆತಿಲ್ಲ. ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠವನ್ನು ಸುತ್ತುವರಿಯಿತು. ಕರ್ನೂಲು ನಗರ ಜಲಾವೃತವಾಯಿತು. ಇಂತಹ ನೆರೆ ಇಳಿದ ಮೇಲೆ ಮತ್ತೊಂದು ಅಪಾಯ ತಲೆದೋರುತ್ತದೆ. ಚರಂಡಿಯ ನೀರು ಬಾವಿ, ಕೊಳಾಯಿಗಳಿಗೆ ಸೇರಿ ವಾಂತಿಭೇದಿ ಹರಡುತ್ತದೆ. ಆಗ ಊರಿನಲ್ಲಿ ತುರ್ತಾಗಿ ಔಷಧ ವಿತರಣಾ ಕೇಂದ್ರವನ್ನು ತೆರೆಯಬೇಕಾಗುತ್ತದೆ. ವಿಶಾಲವಾದ ಅಂಗಳ, ಕೊಠಡಿಗಳು ಮತ್ತು ಎಲ್ಲರಿಗೂ ಪರಿಚಿತವಾದ ದಾರಿ ಇರುವುದರಿಂದ ಶಾಲೆಯೇ ಅದಕ್ಕೆ ತಕ್ಕ ಸ್ಥಳ.

ಇಂತಹ ಕೇಂದ್ರ ಎಷ್ಟು ಜೀವಗಳನ್ನು ಉಳಿಸಬಲ್ಲದೆಂಬುದಕ್ಕೆ 1971ರ ಬಂಗಾಳವೇ ಸಾಕ್ಷಿ. ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾಗಳನ್ನು ಅಳೆದು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. 100ಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಬಂಧುಗಳೇ ಕುಡಿಸುವಂತಾದದ್ದು ಇದಕ್ಕೆ ನೆರವಾಯಿತು.

ಕೇಂದ್ರವನ್ನು ನಡೆಸುವುದಕ್ಕೆ ಒಂದು ಕ್ರಮವಿದೆ. ಒಳಬರುವ ಮತ್ತು ಹೊರಹೋಗುವ ದಾರಿಗಳು ಬೇರೆಬೇರೆಯಾಗಿರಬೇಕು. ಬಾಗಿಲಲ್ಲೇ ಆರೋಗ್ಯ ಕಾರ್ಯಕರ್ತೆಯೊಬ್ಬರು ನಿಂತು ಬಂದವರನ್ನು ಗಮನಿಸಬೇಕು. ಕಣ್ಣು ಗುಳಿಬಿದ್ದ, ಮಂಕಾಗಿ ಮಲಗಿದ, ನೀರು ಕುಡಿಯಲಾರದ ಮಗುವನ್ನು ಸಾಲಿನಲ್ಲಿ ನಿಲ್ಲಿಸದೆ ತಕ್ಷಣ ಆಸ್ಪತ್ರೆಗೆ ಕಳುಹಿಸಬೇಕು. ಮೊದಲ ಮೇಜಿನಲ್ಲಿ ಹೆಸರು, ವಯಸ್ಸು, ಮನೆಯ ಜನಸಂಖ್ಯೆಯ ನೋಂದಣಿ, ಎರಡನೆಯದರಲ್ಲಿ ಔಷಧ, ಮೂರನೆಯದರಲ್ಲಿ ಬಳಕೆಯ ವಿವರಣೆ. ದಾಸ್ತಾನನ್ನು ನೆಲದಿಂದ ಮೇಲೆ, ಒಣಗಿದ ಕೊಠಡಿಯಲ್ಲಿಟ್ಟು, ಅವಧಿ ಮುಗಿಯುವ ದಿನಾಂಕವನ್ನು ನೋಡಿ ಪುಸ್ತಕದಲ್ಲಿ ಬರೆಯಬೇಕು. ನಡೆಯಲಾಗದ ವೃದ್ಧರಿಗೆ ಮತ್ತು ಬಾಣಂತಿಯರಿಗೆ ಮನೆಗೇ ತಲುಪಿಸಬೇಕು.

ಗುಂಪು ಹೆಚ್ಚಿದಾಗ ಮೊದಲು ಕೈಬಿಡುವುದು ಮೂರನೆಯ ಮೇಜನ್ನು. ಅಪಾಯವಿರುವುದೂ ಅಲ್ಲಿಯೇ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಪೂರ್ತಿಯಾಗಿ ಹಾಕಬೇಕು. ಅದನ್ನೇ ಒಂದು ಲೋಟಕ್ಕೆ ಬೆರೆಸಿದರೆ ಉಪ್ಪಿನಂಶ ಅತಿಯಾಗಿ ಮಗುವಿಗೆ ಕೇಡಾಗುತ್ತದೆ. ಕಲಸಿದ ದ್ರಾವಣ 24 ಗಂಟೆಗಳ ಮೇಲೆ ಕುಡಿಯಲು ಯೋಗ್ಯವಲ್ಲ. 6 ತಿಂಗಳು ದಾಟಿದ ಮಗುವಿಗೆ ಕೊಡುವ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ, 14 ದಿನ ಮುಂದುವರಿಸಬೇಕು. ಇವು ಸಣ್ಣ ಮಾತುಗಳೆನಿಸಬಹುದು. ಆದರೆ ತಪ್ಪಾಗಿ ತಿಳಿದರೆ ಔಷಧವೇ ವ್ಯರ್ಥ.

ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಇಂದಿಗೂ ಹೊಳಗುಂದ, ಕೌತಾಳ, ಮಂತ್ರಾಲಯ ಸೀಮೆಯ ಅನೇಕ ಮನೆಗಳ ಮಾತು ಕನ್ನಡವೇ. ತೆಲುಗು ಕೇಳಿ ತಿಳಿಯುವವರು ಉಂಟು. ಆದರೆ ಮಗು ಬಳಲುತ್ತಿರುವ ಹೊತ್ತಿನಲ್ಲಿ ತಾಯಿಗೆ ಅಳತೆ, ಅವಧಿಗಳು ಆಕೆಯ ನುಡಿಯಲ್ಲೇ ತಿಳಿಯಬೇಕು. ಇದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ, ಮಗುವಿನ ಪ್ರಾಣದ ಪ್ರಶ್ನೆ.

ಈ ಕಾರ್ಯಕ್ಕೆ ನಮ್ಮ ಶಾಲೆಗಳು ಹೊಸಬವಲ್ಲ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಿಕ್ಷಕರು ತಮ್ಮೆದುರಿನಲ್ಲೇ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಅಗಿಯಿಸಿ, ಹಾಜರಿಯಂತೆ ಲೆಕ್ಕ ಬರೆಯುತ್ತಾರೆ. ಅದೇ ಶಿಸ್ತು ವಿಪತ್ತಿನಲ್ಲೂ ನೆರವಾಗುತ್ತದೆ. ಆದುದರಿಂದ ಪಾಲಕರು ಮಳೆಗಾಲಕ್ಕೆ ಮುನ್ನವೇ ಶಾಲಾ ಸಮಿತಿಯೊಡನೆ ಕುಳಿತು ಎರಡು ಕೆಲಸ ಮಾಡಿಕೊಳ್ಳಲಿ: ಆರೋಗ್ಯ ಕೇಂದ್ರದವರು ಒಪ್ಪಿದ ಬಳಕೆಯ ವಿವರವನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿಡಲಿ, ಮೂರನೆಯ ಮೇಜಿನಲ್ಲಿ ಕುಳಿತು ಅದನ್ನು ಓದಿ ಹೇಳಬಲ್ಲ ಇಬ್ಬರು ಪಾಲಕರನ್ನು ಗೊತ್ತುಮಾಡಲಿ. ಮೇಲಿನ ತರಗತಿಯ ಮಕ್ಕಳೂ ಈ ವಿವರವನ್ನು ಕಲಿತು ಮನೆಯಲ್ಲಿ ಅಜ್ಜಿಗೆ ಓದಿ ಹೇಳಬಹುದು.