ಅಲ್ಪಶಕ್ತಿಯ ವಾಲ್ವ್ ಆಂಪ್ಲಿಫೈಯರ್ ಮತ್ತು ಮನೆಯ ಸ್ಪೀಕರುಗಳು

ಕನ್ನಡದಲ್ಲಿ 'ಧ್ವನಿವರ್ಧಕ' ಎಂಬ ಒಂದೇ ಶಬ್ದವು ಎರಡು ಭಿನ್ನ ವಸ್ತುಗಳಿಗೆ ಸಲ್ಲುತ್ತಿದೆ. ವಿದ್ಯುತ್ ಸಂಕೇತದ ಬಲವನ್ನು ಹೆಚ್ಚಿಸುವ ಆಂಪ್ಲಿಫೈಯರಿಗೂ ಅದೇ ಹೆಸರು. ಆ ವಿದ್ಯುತ್ತನ್ನು ನಾದವಾಗಿ ಮಾರ್ಪಡಿಸುವ ಸ್ಪೀಕರಿಗೂ ಅದೇ ಹೆಸರು. ಶಬ್ದಾರ್ಥವನ್ನು ವಿಚಾರಿಸಿದರೆ ಮೊದಲನೆಯದಕ್ಕೆ ಮಾತ್ರ ಅದು ಉಚಿತವಾದುದು. ಸ್ಪೀಕರು ಏನನ್ನೂ ವರ್ಧಿಸುವುದಿಲ್ಲ. ತನಗೆ ಬಂದ ಶಕ್ತಿಯ ಬಹುಭಾಗವನ್ನು ಶಾಖರೂಪದಲ್ಲಿ ಕಳೆದು, ಉಳಿದ ಅತ್ಯಲ್ಪವನ್ನು ಧ್ವನಿಯಾಗಿಸುತ್ತದೆ. ಮನೆಗಳಲ್ಲಿ ಇಂದು ಸಾಮಾನ್ಯವಾಗಿರುವ ಸ್ಪೀಕರುಗಳಲ್ಲಿ ಆ ಭಾಗವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಲ್ಪಶಕ್ತಿಯ ವಾಲ್ವ್ ಆಂಪ್ಲಿಫೈಯರನ್ನು ಕೊಂಡವರ ಸಂತೋಷವಾಗಲಿ ನಿರಾಶೆಯಾಗಲಿ ಈ ಅಲ್ಪಾಂಶದ ಪ್ರಮಾಣವನ್ನೇ ಅವಲಂಬಿಸಿದೆ.

ಅಮೆರಿಕದ ಆರ್.ಸಿ.ಎ. ಕಂಪನಿಯು 1933ರಲ್ಲಿ ಹೊರತಂದ 2ಎ3 ಎಂಬ ಟ್ರಯೋಡ್ ವಾಲ್ವು ಒಂಟಿಯಾಗಿ ದುಡಿದಾಗ ಕೊಡುವುದು ಸುಮಾರು ಮೂರೂವರೆ ವಾಟು ಮಾತ್ರ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ 300ಬಿ ವಾಲ್ವು, 1938ರದು, ಸುಮಾರು ಎಂಟು ವಾಟು ಕೊಡುತ್ತದೆ. ಇಷ್ಟು ಸ್ವಲ್ಪ ಶಕ್ತಿಯಿಂದ ಆ ಕಾಲದ ಚಿತ್ರಮಂದಿರಗಳು ಹೇಗೆ ತುಂಬಿದವೆಂಬುದು ಹಲವರಿಗೆ ವಿಸ್ಮಯದ ಸಂಗತಿ. ಅದರ ರಹಸ್ಯವಿದ್ದುದು ವಾಲ್ವಿನಲ್ಲಲ್ಲ, ತೆರೆಯ ಹಿಂದಿದ್ದ ಕಹಳೆಯಾಕಾರದ ಹಾರ್ನ್ ಸ್ಪೀಕರುಗಳಲ್ಲಿ. ಊದುವವನ ಉಸಿರು ಕಹಳೆಯ ಬಾಯಿಯಲ್ಲಿ ಹೇಗೆ ಊರಿಗೆಲ್ಲ ಕೇಳುವ ನಾದವಾಗುತ್ತದೆಯೋ ಹಾಗೆಯೇ ಹಾರ್ನು ಸಣ್ಣ ಪೊರೆಯ ಕಂಪನವನ್ನು ವಿಶಾಲವಾದ ಗಾಳಿಗೆ ನಷ್ಟವಿಲ್ಲದಂತೆ ದಾಟಿಸುತ್ತದೆ. ಪಾಲ್ ಕ್ಲಿಪ್ಶ್ ಎಂಬ ಎಂಜಿನಿಯರರು ಈ ತತ್ತ್ವವನ್ನೇ ಮನೆಗೆ ತಂದು, ಕೋಣೆಯ ಮೂಲೆಯ ಎರಡು ಗೋಡೆಗಳನ್ನೇ ಕಹಳೆಯ ಬಾಯಿಯನ್ನಾಗಿ ಮಾಡಿಕೊಳ್ಳುವ ಸ್ಪೀಕರನ್ನು ರಚಿಸಿ, 1946ರಲ್ಲಿ ತಮ್ಮ ಉದ್ಯಮವನ್ನು ಆರಂಭಿಸಿದರು.

ಆದರೆ ಅಂತಹ ಪೆಟ್ಟಿಗೆಯು ಒಂದು ಬೀರುವಿನಷ್ಟು ಜಾಗವನ್ನು ಬೇಡುತ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಅವರು ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯಲ್ಲಿ ಮಂದ್ರಸ್ಥಾಯಿಯನ್ನು ಹೊರಡಿಸುವ ಎಆರ್-1 ಎಂಬ ಸ್ಪೀಕರನ್ನು ತಂದರು. ಪೆಟ್ಟಿಗೆ ಕಿರಿದಾಗಬೇಕು, ಮಂದ್ರ ಆಳವಾಗಬೇಕು, ಅಲ್ಪಶಕ್ತಿಗೇ ಗಟ್ಟಿಯಾಗಿ ನುಡಿಯಬೇಕು ಎಂಬ ಮೂರು ಅಪೇಕ್ಷೆಗಳಲ್ಲಿ ಎರಡನ್ನು ಪಡೆದರೆ ಮೂರನೆಯದನ್ನು ಬಿಡಲೇಬೇಕೆಂಬುದು ಪ್ರಕೃತಿಯ ನಿಯಮ. ವಿಲ್ಚರ್ ಬಿಟ್ಟುಕೊಟ್ಟದ್ದು ಮೂರನೆಯದನ್ನು. 1958ರಲ್ಲಿ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದು, ಒಂದರ ಸ್ಥಾನದಲ್ಲಿ ಎರಡು ಪೆಟ್ಟಿಗೆಗಳು ಬೇಕಾದಾಗ ಚಿಕ್ಕದಕ್ಕೇ ಗೆಲುವಾದುದು ಸಹಜವೇ ಸರಿ. ಮುಂದೆ ಟ್ರಾನ್ಸಿಸ್ಟರು ವಾಟುಗಳನ್ನು ಅಗ್ಗವಾಗಿಸಿತು. ಸ್ಪೀಕರಿನ ಹಸಿವು ಯಾರ ಗಮನಕ್ಕೂ ಬಾರದೆ ಹೋಯಿತು.

ಚೀನಾ, ರಷ್ಯಾ, ಸ್ಲೋವಾಕಿಯಾ ಮೊದಲಾದ ಕಡೆ ಇಂದಿಗೂ ತಯಾರಾಗುವ ವಾಲ್ವುಗಳಿಂದ ಕಟ್ಟಿದ ಎಂಟು ವಾಟಿನ ಯಂತ್ರವನ್ನು ದುಬಾರಿ ಬೆಲೆಗೆ ತಂದು, ಹೀಗೆ ಹಸಿದಿರುವ ಸ್ಪೀಕರುಗಳಿಗೆ ಜೋಡಿಸಿ, 'ಇದರಲ್ಲಿ ಪ್ರಾಣವಿಲ್ಲ' ಎಂದು ದೂರುವವರು ಮೊದಲು ನೋಡಬೇಕಾದುದು ಸ್ಪೀಕರಿನ ಹಿಂಬದಿಯಲ್ಲೋ ಅದರ ಜೊತೆ ಬಂದ ಪುಸ್ತಿಕೆಯಲ್ಲೋ ಇರುವ ಒಂದು ಅಂಕೆಯನ್ನು. ಒಂದು ವಾಟು ಶಕ್ತಿ ಕೊಟ್ಟಾಗ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಹೊರಡುತ್ತದೆಂಬುದೇ ಆ ಅಂಕೆ. ಇದನ್ನು ಸ್ಪೀಕರಿನ ಸೂಕ್ಷ್ಮತೆ ಎನ್ನಬಹುದು. ಶಕ್ತಿ ಇಮ್ಮಡಿಯಾದರೆ ಮೂರು ಡೆಸಿಬೆಲ್, ಹತ್ತು ಮಡಿಯಾದರೆ ಹತ್ತು ಡೆಸಿಬೆಲ್ ಏರುತ್ತದೆ. 88 ಡೆಸಿಬೆಲ್ಲಿನ ಸ್ಪೀಕರಿಗೆ ಎಂಟು ವಾಟು ಕೊಟ್ಟರೆ 97 ಡೆಸಿಬೆಲ್ ದೊರೆಯುತ್ತದೆ. 83 ಡೆಸಿಬೆಲ್ಲಿನದು ಅಷ್ಟೇ ಗಟ್ಟಿಯಾಗಿ ನುಡಿಯಲು 25 ವಾಟು ಬೇಕು. 98 ಡೆಸಿಬೆಲ್ಲಿನದಕ್ಕೆ ಒಂದು ವಾಟೂ ಬೇಡ! ಐದು ವಾಟನ್ನು ಎಂಟಾಗಿಸಲು ಸಾವಿರಾರು ರೂಪಾಯಿಗಳನ್ನು ಚೆಲ್ಲಿದರೆ ಸಿಗುವುದು ಎರಡೇ ಡೆಸಿಬೆಲ್. ತಕ್ಕ ಸ್ಪೀಕರನ್ನು ಆರಿಸಿದರೆ ಹತ್ತು ಸಿಗುತ್ತದೆ. ಕೊಳ್ಳುವವರು ಇದನ್ನು ಚೆನ್ನಾಗಿ ಮನನ ಮಾಡಬೇಕು.

ವಾಲ್ವಿನ ವಾಟು ಟ್ರಾನ್ಸಿಸ್ಟರಿನ ವಾಟಿಗಿಂತ ದೊಡ್ಡದೆಂದು ಹೇಳುವವರುಂಟು. ಸೇರು ಯಾವ ಅಂಗಡಿಯದಾದರೂ ಸೇರೇ. ಮಿತಿಮೀರಿದಾಗ ಟ್ರಾನ್ಸಿಸ್ಟರು ಒಮ್ಮೆಲೇ ಕರ್ಕಶವಾಗುತ್ತದೆ, ವಾಲ್ವು ಮೆಲ್ಲಮೆಲ್ಲನೆ ಕೆಡುತ್ತದೆ ಎಂಬುದಷ್ಟೇ ಆ ಮಾತಿನಲ್ಲಿರುವ ಸತ್ಯಾಂಶ. ಹತ್ತಡಿ ದೂರದಲ್ಲಿ ಕುಳಿತು ವೀಣೆಯನ್ನೋ ಒಬ್ಬರ ಗಾಯನವನ್ನೋ ಹಿತವಾಗಿ ಕೇಳುವವರಿಗೆ 88 ಡೆಸಿಬೆಲ್ಲಿನ ಸ್ಪೀಕರೂ ಎಂಟು ವಾಟೂ ಸಾಕು. ಚಂಡೆ ಮದ್ದಳೆಗಳ ಅಬ್ಬರವನ್ನು ವಿಶಾಲವಾದ ಹಜಾರದಲ್ಲಿ ಯಥಾವತ್ತಾಗಿ ಬಯಸುವವರಿಗೆ ಸಾಲದು.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭವಾಯಿತು. ಆ ಕಾಲದ ವಾಲ್ವ್ ರೇಡಿಯೋ ಕೆಲವೇ ವಾಟುಗಳಲ್ಲಿ ಪಡಸಾಲೆಯಿಂದ ಜಗಲಿಯವರೆಗೂ ಕೇಳಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಅದರ ಹಗುರವಾದ ಕಾಗದದ ಸ್ಪೀಕರು ಆಳವಾದ ಮಂದ್ರವನ್ನು ಬಿಟ್ಟುಕೊಟ್ಟು ಸೂಕ್ಷ್ಮತೆಯನ್ನು ಉಳಿಸಿಕೊಂಡಿತ್ತು.

ಸೂಕ್ಷ್ಮತೆಯ ಅಂಕೆಯೊಂದನ್ನೇ ನಂಬುವುದೂ ತರವಲ್ಲ. ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಎಂಟು ಓಮ್ ಎಂದು ಅಚ್ಚಾಗಿದ್ದರೂ ಕೆಲವು ಸ್ವರಗಳಲ್ಲಿ ಅದು ಮೂರು ನಾಲ್ಕಕ್ಕೆ ಇಳಿಯಬಹುದು, ಬೇರೆಡೆ ಇಪ್ಪತ್ತನ್ನು ದಾಟಬಹುದು. ಒಂಟಿ ಟ್ರಯೋಡಿನ ಆಂಪ್ಲಿಫೈಯರು ಈ ಏರಿಳಿತವನ್ನು ಅನುಸರಿಸಿ ಕೆಲವು ಸ್ವರಗಳನ್ನು ಉಬ್ಬಿಸುತ್ತದೆ, ಕೆಲವನ್ನು ಕುಗ್ಗಿಸುತ್ತದೆ. ಇದರಿಂದಾಗಿ ಏರಿಳಿತ ಕಡಿಮೆಯಿರುವ ಸ್ಪೀಕರೇ ಮೇಲು. ತಯಾರಕರಲ್ಲಿ ಕೆಲವರು 2.83 ವೋಲ್ಟಿನ ಲೆಕ್ಕದಲ್ಲಿ ಅಂಕೆಯನ್ನು ಮುದ್ರಿಸುತ್ತಾರೆ. ಎಂಟು ಓಮಿಗೆ ಅದು ಒಂದು ವಾಟು, ನಾಲ್ಕು ಓಮಿಗೆ ಎರಡು ವಾಟು. ನಾಲ್ಕು ಓಮಿನ ಸ್ಪೀಕರಿನಲ್ಲಿ ಮೂರು ಡೆಸಿಬೆಲ್ ಕಳೆದು ಓದಿಕೊಳ್ಳತಕ್ಕದ್ದು. ಆಂಪ್ಲಿಫೈಯರಿನ ಹಿಂದೆ 4, 8, 16 ಎಂಬ ತಂತಿಕೊಂಡಿಗಳಿದ್ದರೆ ಸ್ಪೀಕರಿಗೆ ಹೊಂದುವುದನ್ನು ಸಿಕ್ಕಿಸಬೇಕು. ಸಂದೇಹವಿದ್ದಲ್ಲಿ ಎರಡನ್ನೂ ಸಿಕ್ಕಿಸಿ ಕೇಳಿ ನೋಡಿದರೆ ಬಾಧೆಯಿಲ್ಲ. ತಂತಿಯನ್ನು ಬದಲಿಸುವಾಗ ಮಾತ್ರ ಯಂತ್ರವನ್ನು ಆರಿಸಿರಬೇಕು.

ಸ್ಪೀಕರನ್ನು ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ನುಡಿಸಲೇಬಾರದು; ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಏರಿ ಸುರುಳಿಯೇ ಸುಟ್ಟುಹೋಗಬಹುದು. ಒಳಗೆ ಮುನ್ನೂರು ನಾನೂರು ವೋಲ್ಟಿನ ವಿದ್ಯುತ್ತು ಇರುತ್ತದೆ. ಗುಂಡಿ ಆರಿಸಿ ಪ್ಲಗ್ಗನ್ನು ಕಿತ್ತ ಮೇಲೆಯೂ ಕೆಪಾಸಿಟರುಗಳಲ್ಲಿ ಅದು ಕೆಲಕಾಲ ನಿಂತಿರುವುದರಿಂದ, ಹಳೆಯ ಯಂತ್ರವನ್ನು ಕುತೂಹಲದಿಂದ ಬಿಚ್ಚುವ ಹುಡುಗರ ಕೈಗೆ ಅದನ್ನು ಕೊಡದೆ ಬಲ್ಲ ಮೆಕ್ಯಾನಿಕರ ಬಳಿಗೇ ಒಯ್ಯಬೇಕು.