ಸರ್ವಿಸ್ ಯಾರ ಹೆಸರಲ್ಲಿ ಓಡುತ್ತಿದೆ?

ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ‘ರಾತ್ರಿ ಬ್ಯಾಕಪ್ ಆಗಿಲ್ಲ, ಆಕ್ಸೆಸ್ ಡಿನೈಡ್ ಅಂತಿದೆ’ ಎಂದು ಫೋನ್ ಬರುತ್ತದೆ. ಹೋಗಿ ನೋಡಿದರೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು, ಸೆಕ್ಯುರಿಟಿ ಟ್ಯಾಬಿನಲ್ಲಿ ‘ಎವರಿವನ್‌’ಗೆ ‘ಫುಲ್ ಕಂಟ್ರೋಲ್’ ಟಿಕ್ ಹಾಕಿರುತ್ತಾರೆ. ಬ್ಯಾಕಪ್ ಮಾತ್ರ ಆಗಿರುವುದಿಲ್ಲ. ಬ್ಯಾಕಪ್‌ನಂಥ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುವ ವಿಂಡೋಸ್ ಸರ್ವಿಸ್‌ಗಳ ಬಗ್ಗೆ ಬೇರೂರಿದ ಕೆಲವು ನಂಬಿಕೆಗಳೇ ಇದಕ್ಕೆ ಕಾರಣ.

ತಪ್ಪು ಕಲ್ಪನೆ: ನಾನು ಅಡ್ಮಿನ್. ನಾನು ತೆರೆಯುವ ಫೈಲನ್ನು ಸರ್ವಿಸ್ ಕೂಡ ತೆರೆಯುತ್ತದೆ.

ವಾಸ್ತವ: ನೀವು ಲಾಗಿನ್ ಆಗುವ ಮೊದಲೇ ಎಷ್ಟೋ ಸರ್ವಿಸ್‌ಗಳು ಶುರುವಾಗಿರುತ್ತವೆ. ಅವುಗಳ ಮಟ್ಟಿಗೆ ನೀವು ಇನ್ನೂ ಬಂದೇ ಇಲ್ಲ. ಪ್ರತಿ ಸರ್ವಿಸ್ ಕೂಡ ಯಾವುದೋ ಒಂದು ಅಕೌಂಟಿನ ಹೆಸರಲ್ಲಿ ಓಡುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಸರ್ವಿಸಸ್ ಡಾಟ್ ಎಂಎಸ್‌ಸಿ’ ತೆರೆಯಿರಿ, ಕೊನೆಯ ಕಡೆಯ ‘ಲಾಗ್ ಆನ್ ಆ್ಯಸ್’ ಕಾಲಮ್ ನೋಡಿ. ಲೋಕಲ್ ಸಿಸ್ಟಮ್, ಲೋಕಲ್ ಸರ್ವಿಸ್, ನೆಟ್‌ವರ್ಕ್ ಸರ್ವಿಸ್ ಎಂಬ ಹೆಸರುಗಳೇ ಹೆಚ್ಚಾಗಿ ಕಾಣುತ್ತವೆ. ಫೋಲ್ಡರಿನ ಅನುಮತಿ ಸಿಗಬೇಕಾದದ್ದು ಅಲ್ಲಿರುವ ಹೆಸರಿಗೆ. ನಾನಂತೂ ಈ ಕಾಲಮ್ ನೋಡದೆ ಬೇರೆ ಏನನ್ನೂ ಮುಟ್ಟುವುದಿಲ್ಲ.

ತಪ್ಪು ಕಲ್ಪನೆ: ಝಡ್ ಡ್ರೈವ್ ನನಗೆ ಕಾಣುತ್ತಿದೆ, ಅಂದಮೇಲೆ ಸರ್ವಿಸ್‌ಗೂ ಸಿಗಬೇಕು.

ವಾಸ್ತವ: ಅತಿ ಹೆಚ್ಚು ಹೊತ್ತು ತಿನ್ನುವ ತಪ್ಪು ಇದೇ. ಒಂದು ಸಹಕಾರ ಸಂಘದ ಕಚೇರಿಯಲ್ಲಿ ನಾನೇ ಇಡೀ ಮಧ್ಯಾಹ್ನ ಕಳೆದಿದ್ದೇನೆ. ಲೆಕ್ಕದ ಫೈಲುಗಳು ಒಳಕೋಣೆಯ ಇನ್ನೊಂದು ಕಂಪ್ಯೂಟರಿಗೆ ಝಡ್ ಡ್ರೈವ್ ಮೂಲಕ ನಕಲಾಗಬೇಕಿತ್ತು. ಕೈಯಿಂದ ಕಾಪಿ ಮಾಡಿದರೆ ಹೋಗುತ್ತಿತ್ತು, ಸರ್ವಿಸ್ ಮಾಡಿದರೆ ‘ಪಾತ್ ಸಿಗಲಿಲ್ಲ’ ಎನ್ನುತ್ತಿತ್ತು. ಡ್ರೈವ್ ಮ್ಯಾಪಿಂಗ್ ಎನ್ನುವುದು ಇಡೀ ಕಂಪ್ಯೂಟರಿಗಲ್ಲ, ಆ ಒಂದು ಲಾಗಿನ್ನಿಗೆ ಮಾತ್ರ ಸೇರಿದ್ದು. ಸರ್ವಿಸ್ ಇರುವ ಜಾಗದಲ್ಲಿ ಝಡ್ ಎಂಬ ಡ್ರೈವೇ ಇಲ್ಲ. ಅದಕ್ಕೆ ಎರಡು ಬ್ಯಾಕ್‌ಸ್ಲ್ಯಾಶ್, ಕಂಪ್ಯೂಟರಿನ ಹೆಸರು, ಶೇರ್ ಹೆಸರು ಹೀಗೆ ಪೂರ್ತಿ ವಿಳಾಸವನ್ನೇ ಕೊಡಬೇಕು. ವಿಳಾಸ ಸರಿಯಾದರೂ ಆ ಕಡೆಯ ಕಂಪ್ಯೂಟರ್ ಒಪ್ಪಬೇಕಲ್ಲ? ಲೋಕಲ್ ಸರ್ವಿಸ್ ನೆಟ್‌ವರ್ಕಿನಲ್ಲಿ ಹೆಸರೇ ಹೇಳದೆ ಹೋಗುತ್ತದೆ. ಹಾಗಾಗಿ ಎರಡೂ ಕಡೆ ಒಂದೇ ಹೆಸರು, ಒಂದೇ ಪಾಸ್‌ವರ್ಡಿನ ಅಕೌಂಟ್ ಮಾಡಿ, ಸರ್ವಿಸ್ ಅದರ ಹೆಸರಲ್ಲೇ ಓಡುವಂತೆ ಮಾಡಿದೆ. ಶೇರಿಂಗ್ ಟ್ಯಾಬಿನಲ್ಲೂ ಸೆಕ್ಯುರಿಟಿ ಟ್ಯಾಬಿನಲ್ಲೂ ಅದಕ್ಕೆ ಅನುಮತಿ ಕೊಟ್ಟೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ, ಒಂದನ್ನು ಮರೆತರೂ ಬಾಗಿಲು ತೆರೆಯುವುದಿಲ್ಲ.

ತಪ್ಪು ಕಲ್ಪನೆ: ಲೋಕಲ್ ಸಿಸ್ಟಮ್‌ಗೆ ಬದಲಾಯಿಸಿದರೆ ಎಲ್ಲವೂ ಸರಿಹೋಗುತ್ತದೆ.

ವಾಸ್ತವ: ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಆ ಕಂಪ್ಯೂಟರಿನೊಳಗೆ ಲೋಕಲ್ ಸಿಸ್ಟಮ್‌ಗೆ ಅಡ್ಮಿನ್‌ಗಿಂತಲೂ ಹೆಚ್ಚಿನ ಅಧಿಕಾರ. ಆ ಸರ್ವಿಸ್‌ನಲ್ಲಿ ಒಂದು ದೋಷ ಸಿಕ್ಕರೆ ದಾಳಿಕೋರನಿಗೆ ಸಿಗುವುದೂ ಅಷ್ಟೇ ಅಧಿಕಾರ. 2021ರಲ್ಲಿ ಬಯಲಾದ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಅಷ್ಟು ಭಯ ಹುಟ್ಟಿಸಿದ್ದು ಇದಕ್ಕೇ: ಅದು ಇದ್ದ ಪ್ರಿಂಟ್ ಸ್ಪೂಲರ್ ಸರ್ವಿಸ್ ಓಡುವುದು ಲೋಕಲ್ ಸಿಸ್ಟಮ್ ಹೆಸರಲ್ಲಿ. ಸಂಘದ ಸದಸ್ಯರ ಠೇವಣಿಯ ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಇಂಥ ಅಡ್ಡದಾರಿ ಹಿಡಿಯುವುದು ತಪ್ಪು.

ತಪ್ಪು ಕಲ್ಪನೆ: 1069 ಎರರ್ ಬಂದರೆ ಪಾಸ್‌ವರ್ಡ್ ತಪ್ಪು ಟೈಪಾಗಿದೆ ಎಂದರ್ಥ.

ವಾಸ್ತವ: ಲಾಗಿನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ, ಕಾರಣ ಹಲವು. ಯಾರೋ ಪಾಸ್‌ವರ್ಡ್ ಬದಲಿಸಿರಬಹುದು, ಸರ್ವಿಸ್ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ದಿನಾ ಹಾಕುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ಅಥವಾ ಆ ಅಕೌಂಟಿಗೆ ‘ಲಾಗ್ ಆನ್ ಆ್ಯಸ್ ಎ ಸರ್ವಿಸ್’ ಹಕ್ಕೇ ಇಲ್ಲದಿರಬಹುದು. ಸರ್ವಿಸಸ್ ಕಿಟಕಿಯಲ್ಲೇ ಅಕೌಂಟ್ ಹಾಕಿದರೆ ಈ ಹಕ್ಕು ತಾನಾಗಿ ಸೇರುತ್ತದೆ, ಕಮಾಂಡ್ ಕೊಟ್ಟು ಹಾಕಿದರೆ ಸೇರುವುದಿಲ್ಲ. ಊಹೆ ಬೇಡ, ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗ್ ತೆರೆಯಿರಿ. 7041 ಇದ್ದರೆ ಹಕ್ಕಿನ ಕೊರತೆ. 7038 ಇದ್ದರೆ ಲಾಗಿನ್ ಯಾಕೆ ಸೋತಿತೆಂದು ಅದರ ವಿವರದಲ್ಲೇ ಬರೆದಿರುತ್ತದೆ.

ತಪ್ಪು ಕಲ್ಪನೆ: ತೊಂದರೆ ಇದ್ದರೆ ಸ್ಕ್ರೀನ್ ಮೇಲೆ ಸಂದೇಶ ಬರುತ್ತದೆ.

ವಾಸ್ತವ: ವಿಸ್ತಾ ಬಂದಾಗಿನಿಂದ ಸರ್ವಿಸ್‌ಗಳು ನಮ್ಮ ಡೆಸ್ಕ್‌ಟಾಪಿನಿಂದ ಬೇರೆಯಾದ ‘ಸೆಷನ್ ಝೀರೊ’ದಲ್ಲಿ ಓಡುತ್ತವೆ. ಅಲ್ಲಿ ‘ಓಕೆ ಒತ್ತಿ’ ಎಂಬ ಪೆಟ್ಟಿಗೆ ತೆರೆದರೆ ನಮಗೆ ಕಾಣದು, ಸರ್ವಿಸ್ ಅದಕ್ಕಾಗಿ ಕಾಯುತ್ತಲೇ ಇರುತ್ತದೆ.

ತಪ್ಪು ಕಲ್ಪನೆ: ರೀಸ್ಟಾರ್ಟ್ ಮಾಡಿದರೆ ಸಾಕು.

ವಾಸ್ತವ: ಒಂದು ಸಂದರ್ಭದಲ್ಲಿ ಇದು ನಿಜ. ಅಕೌಂಟನ್ನು ಹೊಸ ಗ್ರೂಪಿಗೆ ಸೇರಿಸಿದರೆ ಸರ್ವಿಸ್ ನಿಲ್ಲಿಸಿ ಮತ್ತೆ ಶುರುಮಾಡಬೇಕು. ಫೋಲ್ಡರಿನ ಅನುಮತಿಗೆ ಅದು ಬೇಕಿಲ್ಲ.

ಸಂಘದಲ್ಲಿ ಕೊನೆಗೆ ಆ ಹೊಸ ಅಕೌಂಟಿಗೆ ಬ್ಯಾಕಪ್ ಫೋಲ್ಡರಿನಲ್ಲಿ ‘ಮಾಡಿಫೈ’ ಅಷ್ಟೇ ಉಳಿಸಿ, ‘ಎವರಿವನ್’ ಸಾಲನ್ನು ತೆಗೆದುಹಾಕಿದೆ. ಮರುದಿನ ಬೆಳಿಗ್ಗೆ ಕಾರ್ಯದರ್ಶಿಯವರು ಫೋನ್ ಮಾಡಿ, ಫೋಲ್ಡರಿನಲ್ಲಿದ್ದ ಹೊಸ ಫೈಲಿನ ಹೆಸರನ್ನೂ ಅದರ ಮುಂದಿದ್ದ ರಾತ್ರಿಯ ಸಮಯವನ್ನೂ ಓದಿ ಹೇಳಿದರು.