ಕೊರಕಲು ದಾರಿಗೆ ಹೊಸ ಬೈಕು

ಬೆಳಗಿನ ಹೊತ್ತು ನಾಗಮಂಗಲ ತಾಲ್ಲೂಕಿನ ಹಳ್ಳಿಗಳಲ್ಲಿ ಹಾಲಿನ ಡೇರಿಯ ಮುಂದೆ ನಾಲ್ಕಾರು ಟಿವಿಎಸ್ ಎಕ್ಸ್‌ಎಲ್ ಗಾಡಿಗಳು ನಿಂತಿರುತ್ತವೆ. ತೋಟದ ಮನೆಯಿಂದ ಕ್ಯಾನು ಹೊತ್ತು, ಬಂಡಿ ಜಾಡು ಹಿಡಿದು, ಹಳ್ಳ ಇಳಿದು ಬದು ಹತ್ತಿ ಬಂದವು ಅವು. ಈಗಿನ ಎಕ್ಸ್‌ಎಲ್‌ನ ಎಂಜಿನ್ 99.7 ಸಿಸಿ, ಶಕ್ತಿ ನಾಲ್ಕೂವರೆ ಅಶ್ವಶಕ್ತಿಗೂ ಕಡಿಮೆ, ತೂಕ 90 ಕಿಲೋ ದಾಟದು. ಅದೇ ದಾರಿಗೆ ಭಾನುವಾರ ಬೆಂಗಳೂರಿನಿಂದ ಬರುವ 40 ಅಶ್ವಶಕ್ತಿಯ, 196 ಕಿಲೋ ತೂಕದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಮಳೆಗಾಲದ ಕೆಸರಿನಲ್ಲಿ ಒಮ್ಮೆ ಮಗುಚಿಕೊಂಡರೆ ಎತ್ತಿ ನಿಲ್ಲಿಸಲು ಒಬ್ಬರ ಕೈ ಸಾಲದು. ಹೆದ್ದಾರಿಯಲ್ಲಿ ಇವೆರಡರ ನಡುವೆ ಹೋಲಿಕೆಯೇ ಇಲ್ಲ. ಕೆಸರಿನಲ್ಲಿ ಮಾತ್ರ ಲೆಕ್ಕ ಬೇರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮಣ್ಣಿನ ದಾರಿಗಳಲ್ಲಿ ಓಡಿಸಲೆಂದು ಹಳೆಯ ಬೈಕು ಕೊಟ್ಟು ಹೊಸದು ತರಲು ಹೊರಟವರು ಶೋರೂಮಿನಲ್ಲಿ ಮೊದಲು ಕೇಳುವುದು ‘ಎಷ್ಟು ಸಿಸಿ?’ ಎಂದು. ಆ ಪ್ರಶ್ನೆ ಕೊನೆಗೆ ಬಂದರೆ ಒಳ್ಳೆಯದು. ಚಕ್ರಕ್ಕೆ ಮೇಲೆ ಕೆಳಗೆ ಆಡಲು ಎಷ್ಟು ಜಾಗವಿದೆ, ಗಾಡಿ ಎಷ್ಟು ತೂಗುತ್ತದೆ ಎನ್ನುವುದನ್ನು ಮೊದಲು ಕೇಳಬೇಕು. ಕೊಟ್ಟ ಹಣಕ್ಕೆ ತಕ್ಕ ಗಾಡಿ ಸಿಕ್ಕಿತೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತದೆ.

ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಯಲು ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆ ಬಯಲು. ಕಬ್ಬು ಕಡಿಯುವ ಕಾಲಕ್ಕೆ ಟ್ರ್ಯಾಕ್ಟರುಗಳು ಹೊರೆ ಹೊತ್ತು ಓಡಾಡಿ ಹೊಲದ ದಾರಿಯಲ್ಲಿ ಮೊಣಕಾಲುದ್ದದ ಕೊರಕಲು ಬೀಳುತ್ತವೆ. ಅವು ಒಣಗಿದ ಮೇಲೆ ಮುಂದಿನ ಚಕ್ರ ಸಿಕ್ಕಿಕೊಂಡರೆ ಹ್ಯಾಂಡಲ್ ತಿರುಗುವುದಿಲ್ಲ. ನೆನೆದಿದ್ದಾಗ ಟಯರಿನ ಗುಂಡಿಗಳ ನಡುವೆ ಮಣ್ಣು ಮೆತ್ತಿಕೊಂಡು ಚಕ್ರ ಜಾರುಬಂಡೆಯಾಗುತ್ತದೆ. ಪಾಂಡವಪುರದಿಂದ ಉತ್ತರಕ್ಕೆ, ತೊಣ್ಣೂರು ಕೆರೆ ದಾಟಿ ಮೇಲುಕೋಟೆಯ ಕಡೆಗೆ ಹೋದರೆ ಬರೀ ಬಂಡೆ. ಕುಂತಿಬೆಟ್ಟವೂ ಅದೇ ಜಾತಿಯ ಕಲ್ಲು. ಕೆ.ಆರ್. ಪೇಟೆಯಲ್ಲಿ ಹೇಮಾವತಿಯ ಆಸುಪಾಸು ಒದ್ದೆ, ಎತ್ತರದ ಬೋರೆಗಳಲ್ಲಿ ಕೆಂಪು ಮಣ್ಣು. ನಾಗಮಂಗಲದಲ್ಲಿ ರಾಗಿ, ಹುರುಳಿಯ ಹೊಲ, ತೆಂಗಿನ ತೋಟ, ಕುರುಚಲು, ಮತ್ತು ಬೇಸಿಗೆಯಲ್ಲಿ ಗೋಲಿಯಂತೆ ಉರುಳುವ ಗರಸು. ಕೆಸರು, ಬಂಡೆ, ಗರಸು ಮೂರೂ ಒಂದೇ ಬೆಳಗಿನಲ್ಲಿ ಎದುರಾಗುವ ಸೀಮೆ ಇದು.

ಈ ಸೀಮೆಯಲ್ಲಿ ಒಂದು ಕಾಲಕ್ಕೆ ಎಲ್ಲ ದಾರಿಗೂ ಒಂದೇ ಗಾಡಿ: ಪಕ್ಕದ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಆಮೇಲೆ ಅದೇ ಕಾರ್ಖಾನೆಯ ಯೆಜ್ಡಿ. ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಹಾಕುವ ತನಕ ಈ 250 ಸಿಸಿ ಟೂ-ಸ್ಟ್ರೋಕ್ ಬೈಕುಗಳನ್ನು ಕಟ್ಟಿತು. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ತೂಕ 100 ಕಿಲೋ ಆಸುಪಾಸು, ಶಕ್ತಿ 11 ಅಶ್ವಶಕ್ತಿ. ಮಣ್ಣಿನ ರೇಸುಗಳಲ್ಲಿ ಅದಕ್ಕೆ ಹೆಸರು ಬಂದಿದ್ದಕ್ಕೆ ಈ ಹಗುರ ಮೈ ಒಂದು ಮುಖ್ಯ ಕಾರಣ. ಆದರೆ ಇವೆಲ್ಲ ಡಾಂಬರಿಗೆ ಹುಟ್ಟಿದ ಬೈಕುಗಳು. ಮಣ್ಣಿಗೆಂದೇ ಎತ್ತರಿಸಿ ಕಟ್ಟಿ, ಸಾಮಾನ್ಯರ ಕೈಗೆಟಕುವ ಬೆಲೆಗೆ ಹೀರೊ ಕಂಪನಿ 2011ರಲ್ಲಿ ತಂದ 150 ಸಿಸಿಯ ಇಂಪಲ್ಸ್ ಹೆಚ್ಚು ಕಾಲ ಉಳಿಯಲಿಲ್ಲ. 2016ರಲ್ಲಿ 411 ಸಿಸಿಯ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಬಂದ ಮೇಲೆ ಚಿತ್ರ ಬದಲಾಯಿತು. ಆಗ ಕೊಂಡವರೇ ಈಗ ‘ಮುಂದೇನು?’ ಎಂದು ಕೇಳುತ್ತಿರುವವರು. ಅವರ ಎದುರಿಗೆ ಎಕ್ಸ್‌ಪಲ್ಸ್ 210, ಹಿಮಾಲಯನ್ 450, ಕವಾಸಾಕಿ ಕೆಎಲ್‌ಎಕ್ಸ್ 230 ಇವೆ.

ಇನ್ನು ಯಂತ್ರದೊಳಕ್ಕೆ ಹೋಗೋಣ.

ಅರ್ಧ ಮೀಟರ್ ಎತ್ತರದ ಬದುವಿನಿಂದ ಬೈಕು ಕೆಳಕ್ಕೆ ಹಾರಿತು ಎಂದಿಟ್ಟುಕೊಳ್ಳಿ. ಬೀಳುವಾಗ ಗಳಿಸಿದ ವೇಗವನ್ನೆಲ್ಲ ಶಾಕ್ ಅಬ್ಸಾರ್ಬರು ಕುಗ್ಗುತ್ತ ಕುಗ್ಗುತ್ತ ನುಂಗಬೇಕು. ಕುಗ್ಗಲು 10 ಸೆಂಟಿಮೀಟರ್ ಮಾತ್ರ ಜಾಗವಿದ್ದರೆ, ಆ ಕ್ಷಣದಲ್ಲಿ ಬೀಳುವ ಸರಾಸರಿ ಬಲ ಬೈಕು ಮತ್ತು ಸವಾರನ ಒಟ್ಟು ತೂಕದ ಆರು ಪಟ್ಟು. ಜಾಗ 20 ಸೆಂಟಿಮೀಟರ್ ಆದರೆ ಅದು ಮೂರೂವರೆ ಪಟ್ಟಿಗೆ ಇಳಿಯುತ್ತದೆ, 25 ಆದರೆ ಮೂರು ಪಟ್ಟಿಗೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಈ ಲೆಕ್ಕ ಬದಲಾಗದು. ಸಸ್ಪೆನ್ಷನ್ ಟ್ರಾವೆಲ್ ಎಂದು ಕಂಪನಿಗಳು ಮಿಲಿಮೀಟರಿನಲ್ಲಿ ಅಚ್ಚು ಹಾಕಿಸುವ ಅಂಕಿಯ ಅರ್ಥ ಇದೇ.

ಆ ಅಂಕಿಯನ್ನು ಕಣ್ಣಿಟ್ಟು ನೋಡಿದರೆ ಮಾರುಕಟ್ಟೆಯ ಬೈಕುಗಳ ಗುಣ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಳೆಯ ಎಕ್ಸ್‌ಪಲ್ಸ್ 200ರಲ್ಲಿ ಮುಂದೆ 190, ಹಿಂದೆ 170 ಮಿಲಿಮೀಟರ್. ಹೊಸ 210ರಲ್ಲಿ 210 ಮತ್ತು 205. ಹಿಮಾಲಯನ್ 450ರಲ್ಲಿ ಎರಡೂ ಕಡೆ 200. ಕೆಎಲ್‌ಎಕ್ಸ್ 230ರಲ್ಲಿ ಮುಂದೆ 240, ಹಿಂದೆ 250. ಅದರ ತೂಕ 139 ಕಿಲೋ, ಶಕ್ತಿ ಬರೀ 18 ಅಶ್ವಶಕ್ತಿ. ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹಳೆಯ ಎಕ್ಸ್‌ಪಲ್ಸ್ 200ಕ್ಕೆ ಕಂಪನಿಯೇ ಮಾರುವ ರ‍್ಯಾಲಿ ಕಿಟ್ ಹಾಕಿಸಿದರೆ ಮುಂದೆ 250, ಹಿಂದೆ 220 ಸಿಗುತ್ತದೆ. ಅಂದರೆ ಹೊಸ 210ಕ್ಕಿಂತ ಹೆಚ್ಚು. 210ರಲ್ಲಿ ಶಕ್ತಿ 19ರಿಂದ 24.6 ಅಶ್ವಶಕ್ತಿಗೆ ಏರಿದೆ, ಆರನೇ ಗೇರು ಬಂದಿದೆ. ಜೊತೆಗೆ ತೂಕವೂ ಹತ್ತು ಕಿಲೋ ಏರಿದೆ. ಮೈಸೂರಿನಿಂದ ಹೆದ್ದಾರಿಯಲ್ಲಿ ಬಂದು ನಾಗಮಂಗಲದಲ್ಲಿ ಮಣ್ಣಿಗಿಳಿಯುವವರಿಗೆ ಆ ಆರನೇ ಗೇರು ನಿಜಕ್ಕೂ ಸುಖ. ದಿನವಿಡೀ ಮಣ್ಣಿನಲ್ಲೇ ಇರುವವರು ಹಳೆಯ ಬೈಕನ್ನು ಮಾರುವ ಮೊದಲು ಎರಡು ಸಲ ಯೋಚಿಸಬೇಕು.

ಉದ್ದ ಮಾತ್ರ ಸಾಲದು. ಸ್ಪ್ರಿಂಗು ಕುಗ್ಗಿ ಮತ್ತೆ ಚಿಮ್ಮುತ್ತದೆ. ಆ ಚಿಮ್ಮುವಿಕೆಗೆ ಲಗಾಮು ಹಾಕುವುದು ಫೋರ್ಕಿನೊಳಗಿನ ಎಣ್ಣೆ. ಹಳೆಯ, ಅಗ್ಗದ ಫೋರ್ಕಿನಲ್ಲಿ ಎಣ್ಣೆ ನಿಗದಿತ ಅಳತೆಯ ತೂತುಗಳ ಮೂಲಕ ನುಗ್ಗಬೇಕು. ತೂತಿನಲ್ಲಿ ನುಗ್ಗುವ ದ್ರವದ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅದಕ್ಕೇ ಇಂಥ ಫೋರ್ಕು ಮೆಲ್ಲಗೆ ಬ್ರೇಕ್ ಹಿಡಿದರೆ ಮೆತ್ತಗೆ ಮುಗ್ಗರಿಸುತ್ತದೆ, ವೇಗದಲ್ಲಿ ಕಲ್ಲಿಗೆ ಬಡಿದರೆ ಕಬ್ಬಿಣದ ಸಲಾಕೆಯಾಗಿ ಮಣಿಕಟ್ಟಿಗೆ ಹೊಡೆಯುತ್ತದೆ. ಮಣ್ಣಿನ ರೇಸಿನ ಬೈಕುಗಳ ಕಾರ್ಟ್ರಿಡ್ಜ್ ಫೋರ್ಕಿನಲ್ಲಿ ತೂತುಗಳ ಮೇಲೆ ತೆಳುವಾದ ಉಕ್ಕಿನ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಏಟು ಜೋರಾದಂತೆ ಅವು ಬಾಗಿ ಎಣ್ಣೆಗೆ ಹೆಚ್ಚು ದಾರಿ ಬಿಡುತ್ತವೆ. ದುಬಾರಿ ಬೈಕಿನ ಬೆಲೆಯಲ್ಲಿ ಒಂದು ಪಾಲು ಹೋಗುವುದು ಈ ಬಿಲ್ಲೆಗಳಿರುವ ಕಡೆಗೆ. ಶೋರೂಮಿನಲ್ಲಿ ಅವು ಯಾರ ಕಣ್ಣಿಗೂ ಬೀಳುವುದಿಲ್ಲ.

ಸವಾರ ಕೂತಾಗ ಶಾಕು ತನ್ನ ಟ್ರಾವೆಲ್‌ನ ಸುಮಾರು ಮೂರನೇ ಒಂದು ಭಾಗ ಇಳಿಯಬೇಕು. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಮುಟ್ಟಲು ಆ ಅಂತರವೇ ಆಸರೆ. ಚಕ್ರ ನೆಲ ಬಿಟ್ಟರೆ ಬ್ರೇಕೂ ಹಿಡಿಯದು, ಎಂಜಿನ್ನಿನ ಎಳೆತವೂ ಸಿಗದು. ಕಾರ್ಖಾನೆಯಿಂದ ಬರುವ ಸ್ಪ್ರಿಂಗು ಯಾವುದೋ ಸರಾಸರಿ ತೂಕಕ್ಕೆ ಲೆಕ್ಕ ಹಾಕಿದ್ದು. 55 ಕಿಲೋದವರಿಗೆ ಅದು ಇಳಿಯುವುದೇ ಇಲ್ಲ, 95 ಕಿಲೋದವರಿಗೆ ಇಳಿದು ಕೂರುತ್ತದೆ. ಮನೆ ಮುಂದೆ ಒಂದು ಅಳತೆ ಟೇಪು, ಹಿಡಿದುಕೊಳ್ಳಲು ಒಬ್ಬ ಗೆಳೆಯ ಇದ್ದರೆ ಇದನ್ನು ಅಳೆದು ಹಿಂದಿನ ಶಾಕಿನ ಪ್ರೀಲೋಡ್ ತಿರುಗಿಸಿಕೊಳ್ಳಬಹುದು. ಖರ್ಚಿಲ್ಲ. ಹೊಸ ಬೈಕು ಬೇಕು ಎನ್ನಿಸಿದ್ದ ಎಷ್ಟೋ ಕಡೆ ಬೇಕಾಗಿದ್ದು ಇದಿಷ್ಟೇ.

ಇಂಥ ಬೈಕುಗಳ ಮುಂದಿನ ಚಕ್ರ 21 ಇಂಚಿನದು ಏಕೆ ಎಂಬುದಕ್ಕೂ ಸರಳ ರೇಖಾಗಣಿತವಿದೆ. ಟಯರೂ ಸೇರಿ ಅದರ ತ್ರಿಜ್ಯ ಸುಮಾರು 35 ಸೆಂಟಿಮೀಟರ್. 17 ಇಂಚಿನ ರಸ್ತೆ ಚಕ್ರದ್ದು 30. ಹತ್ತು ಸೆಂಟಿಮೀಟರ್ ಎತ್ತರದ ಕಲ್ಲು ಎದುರಾದರೆ ದೊಡ್ಡ ಚಕ್ರ ಅದನ್ನು ಸುಮಾರು 24 ಸೆಂಟಿಮೀಟರ್ ದೂರದಲ್ಲಿ ಹತ್ತತೊಡಗುತ್ತದೆ, ಸಣ್ಣದು 22ರಲ್ಲಿ. ವ್ಯತ್ಯಾಸ ಎರಡೇ ಸೆಂಟಿಮೀಟರ್. ಮೇಲುಕೋಟೆಯ ದಿಕ್ಕಿನ ಕಲ್ಲುದಾರಿಯಲ್ಲಿ ಅದು ನಿಮಿಷಕ್ಕೆ ನೂರಾರು ಸಲ ಕೂಡಿಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಭುಜಕ್ಕೆ ಅದು ಗೊತ್ತಾಗುತ್ತದೆ.

ಹೊಸ ಬೈಕಿನ ಇನ್ನೊಂದು ಸೌಕರ್ಯ ಎಬಿಎಸ್. 125 ಸಿಸಿ ಮೀರಿದ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ. ಡಾಂಬರಿನಲ್ಲಿ ಇದು ಜೀವ ಉಳಿಸುವ ಸಾಧನ, ಅದರಲ್ಲಿ ಎರಡು ಮಾತಿಲ್ಲ. ಗರಸಿನಲ್ಲಿ ಕತೆ ಬೇರೆ. ಚಕ್ರ ಕಚ್ಚಿ ಜಾರಿದಾಗ ಅದರ ಮುಂದೆ ಸಡಿಲ ಮಣ್ಣು ಗುಡ್ಡೆಯಾಗಿ ತಾನೇ ತಡೆಯಾಗುತ್ತದೆ. ಎಬಿಎಸ್ ಚಕ್ರವನ್ನು ಕಚ್ಚಲು ಬಿಡುವುದಿಲ್ಲ, ಗುಡ್ಡೆ ಕಟ್ಟುವುದಿಲ್ಲ, ಬೈಕು ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಈ ಕಾರಣಕ್ಕೇ 2023ರ ಎಕ್ಸ್‌ಪಲ್ಸ್ 200ಕ್ಕೆ ರಸ್ತೆ, ಮಣ್ಣು, ರ‍್ಯಾಲಿ ಎಂದು ಮೂರು ಬಗೆಯ ಎಬಿಎಸ್ ಕೊಟ್ಟರು. ಹಳೆಯ ಮಾದರಿಯಿಂದ ಮುಂದಕ್ಕೆ ಹೋಗಲು ಇದು ಗಟ್ಟಿಯಾದ ಕಾರಣ.

ನೀರಿನಿಂದ ತಂಪಾಗುವ ಎಂಜಿನ್ ಬೇಕೋ ಬೇಡವೋ? ಉಬ್ಬು ದಾರಿಯಲ್ಲಿ ಮೊದಲ ಗೇರಿನಲ್ಲಿ, ಅರ್ಧ ಕ್ಲಚ್ಚಿನಲ್ಲಿ ತೆವಳುವಾಗ ಗಾಳಿ ತಗಲುವುದಿಲ್ಲ, ಬಿಸಿ ಏರುತ್ತದೆ. ರೇಡಿಯೇಟರಿನ ಫ್ಯಾನು ಆಗ ನೆರವಿಗೆ ಬರುತ್ತದೆ. ಅದೇ ರೇಡಿಯೇಟರು ಬಂಡೆಗೆ ತಗುಲಿ ಸೋರಿದರೆ ಗಾಡಿಯನ್ನು ಊರ ತನಕ ತಳ್ಳಬೇಕು. ಫ್ಯೂಯೆಲ್ ಇಂಜೆಕ್ಷನ್ನಿನದೂ ಇಂಥದೇ ಎರಡು ಮುಖ. ಕಡಿದಾದ ಇಳಿಜಾರಿನಲ್ಲಿ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಪೆಟ್ರೋಲಿನ ಮಟ್ಟ ವಾಲಿ ಎಂಜಿನ್ ಕೆಮ್ಮುತ್ತದೆ, ಇಂಜೆಕ್ಷನ್ ಕೆಮ್ಮುವುದಿಲ್ಲ. ಆದರೆ ಕಾರ್ಬ್ಯುರೇಟರನ್ನು ಕಿಕ್ಕೇರಿಯ ಮೆಕ್ಯಾನಿಕ್ ಬಿಚ್ಚಿ ಒರೆಸಿ ಹಾಕಿಕೊಡಬಲ್ಲ. ಸೆನ್ಸರ್ ಕೈಕೊಟ್ಟರೆ ಕಂಪ್ಯೂಟರ್ ಇರುವ ಸರ್ವಿಸ್ ಸೆಂಟರಿಗೇ ಹೋಗಬೇಕು.

ಕಡಿಮೆ ಖರ್ಚಿನಲ್ಲಿ ಆಗುವ ಬದಲಾವಣೆಗಳಲ್ಲಿ ಮುಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲು ಮುಖ್ಯ. 13 ಹಲ್ಲಿನದರ ಬದಲು 12 ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಶೇ 8ರಷ್ಟು ಹೆಚ್ಚುತ್ತದೆ, ಅಷ್ಟೇ ಪಾಲು ಗರಿಷ್ಠ ವೇಗ ತಗ್ಗುತ್ತದೆ. ಗುಂಡಿ ಗುಂಡಿಯ ಟಯರು ಹಾಕಿ, ಮಣ್ಣಿಗಿಳಿದ ಮೇಲೆ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಹಿಡಿತ ಎಷ್ಟೋ ಮೇಲು. ಡಾಂಬರಿಗೆ ಹತ್ತುವ ಮುನ್ನ ಮತ್ತೆ ಗಾಳಿ ತುಂಬಿಸಲೇಬೇಕು.

ಬೈಕಿಗಿಂತ ಮೊದಲು ಬೆಳೆಯಬೇಕಾದದ್ದು ಸವಾರ ಎನ್ನಲು ಕರ್ನಾಟಕದಲ್ಲೇ ದೊಡ್ಡ ಉದಾಹರಣೆಗಳಿವೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿ, ಅದನ್ನು ಪೂರೈಸಿದ ಮೊದಲ ಭಾರತೀಯರಾದರು. ಸಾವಿರಾರು ಕಿಲೋಮೀಟರಿನ ಆ ಸ್ಪರ್ಧೆಯಲ್ಲೂ ಬೈಕುಗಳು 450 ಸಿಸಿ ಮೀರುವಂತಿಲ್ಲ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಸಂತೋಷ್ ಕೋಲಾರದ ಬಳಿ ಕಟ್ಟಿದ ಬಿಗ್‌ರಾಕ್ ಡರ್ಟ್‌ಪಾರ್ಕಿನಲ್ಲಿ ಮಣ್ಣಿನ ಸವಾರಿಯ ಪಾಠ ಹೇಳಿಕೊಡುತ್ತಾರೆ. ನಿಂತು ಓಡಿಸುವುದು, ಮೊಣಕಾಲಿನಲ್ಲಿ ಟ್ಯಾಂಕು ಹಿಡಿಯುವುದು, ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಸರಿಸುವುದು, ಇವು ಯಾವ ಬೈಕಿಗಾದರೂ ಕೂಡಿಬರುವ ವಿದ್ಯೆ. ಅದೇ ಸಂತೋಷ್ 2021ರ ಡಕಾರ್‌ನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಔಷಧದಿಂದ ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ಹೆಲ್ಮೆಟ್ಟು, ಮಂಡಿಯ ಕವಚ, ಪಾದ ಮುಚ್ಚುವ ಗಟ್ಟಿ ಬೂಟು, ಇವಕ್ಕೆ ಹಣ ಉಳಿಯದಷ್ಟು ದುಬಾರಿ ಬೈಕು ತರಬಾರದು.

ಎಲ್ಲಿ ಓಡಿಸಬಾರದು ಎಂಬುದನ್ನೂ ಖಂಡಿತವಾಗಿ ಹೇಳಬೇಕು. ಮೇಲುಕೋಟೆಯ ಕಾಡು 1974ರಲ್ಲಿ ಘೋಷಣೆಯಾದ, ಸುಮಾರು 50 ಚದರ ಕಿಲೋಮೀಟರಿನ ವನ್ಯಜೀವಿಧಾಮ. ತೋಳಗಳಿಗಾಗಿ ಉಳಿಸಿಕೊಂಡ ಜಾಗ. ಆದಿಚುಂಚನಗಿರಿಯಲ್ಲಿ ನವಿಲುಧಾಮವಿದೆ. ಅಲ್ಲಿಗೆ ಡರ್ಟ್ ಬೈಕು ನುಗ್ಗಿಸುವುದು ಕಾನೂನಿಗೂ ವಿರುದ್ಧ, ಮರಿ ಹಾಕುವ ಪ್ರಾಣಿಗಳಿಗೂ ಕಂಟಕ. ರೈತರ ಬದುವಿನ ಮೇಲೆ ಟಯರು ಹಾಯಿಸಿದರೆ ಮುಂದಿನ ಮಳೆಗೆ ಬದುವೇ ಕೊಚ್ಚಿಹೋಗಬಹುದು. ನಾಲೆ ಏರಿಗಳಲ್ಲಿ ಬಹಳ ಕಡೆ ತಡೆಗೋಡೆಯಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು ಜೀವಗಳು ಹೋದದ್ದನ್ನು ಈ ಸೀಮೆ ಮರೆತಿಲ್ಲ. ಇನ್ನು ನಂಬರ್ ಪ್ಲೇಟಿಲ್ಲದ, ರೇಸಿಗಷ್ಟೇ ಮಾರುವ ಬೈಕುಗಳು: ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ದಾರಿಗೆ ಇಳಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ತಡೆಯುತ್ತದೆ. ಹಳ್ಳಿಯ ಮಣ್ಣಿನ ದಾರಿಯೂ ಸಾರ್ವಜನಿಕ ದಾರಿಯೇ.

ಹಳೆಯ ಬೈಕನ್ನೇ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೂರು ಕಡೆ ಕೈಯಾಡಿಸಿದರೆ ಸಾಕು. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಗೆರೆಯಿದ್ದರೆ ಸೀಲು ಹೋಗಿದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚಿದಂತಾದರೆ ಬೇರಿಂಗು ಸವೆದಿದೆ. ಕೊನೆಗೆ ಏರ್ ಫಿಲ್ಟರ್ ಬಿಚ್ಚಿಸಿ, ಅದರ ಹಿಂದಿನ ಕೊಳವೆಯೊಳಗೆ ಬೆರಳಾಡಿಸಬೇಕು. ನಾಗಮಂಗಲದ ಕೆಂಪು ಧೂಳು ಅಲ್ಲಿ ಬೆರಳಿಗೆ ಹತ್ತಿದರೆ ಅದು ಪಿಸ್ಟನ್ನಿನ ತನಕ ಹೋಗಿದೆ ಎಂದೇ ಲೆಕ್ಕ. ಸಿಲಿಂಡರು ಸವೆದಿರುವ ಆ ಗಾಡಿಗೆ ಕೇಳಿದ ಬೆಲೆ ಕೊಡಬೇಕಾಗಿಲ್ಲ.